ಜನಪ್ರಿಯ ಚಿತ್ರಕ್ಕೆ ರಿಯಾಯಿತಿ ಬೇಕೆ?

ಭಾರಿ ಬಂಡವಾಳ ಹೂಡಿ, ತಾರೆಯರ ಹೆಸರಿನ ಬಲದ ಮೇಲೆ ನೂರಾರು ಚಿತ್ರಮಂದಿರಗಳಲ್ಲಿ ಏಕಕಾಲಕ್ಕೆ ತೆರೆಕಾಣುವ ಅದ್ದೂರಿ ಚಿತ್ರಗಳನ್ನು ಯಾರಾದರೂ ಟೀಕಿಸಿದರೆ, ಮನರಂಜನೆಗೆಂದೇ ಮಾಡಿದ ಚಿತ್ರದಲ್ಲಿ ಕಥೆ, ತರ್ಕಗಳನ್ನು ಹುಡುಕಬಾರದೆಂಬ ಸಮರ್ಥನೆ ಕೂಡಲೇ ಕೇಳಿಬರುತ್ತದೆ. ಸಾಮಾನ್ಯ ಪ್ರೇಕ್ಷಕರ ಅಭಿರುಚಿಯನ್ನು ಕೀಳಾಗಿ ಎಣಿಸುವ ಈ ಮಾತನ್ನು ಚಿತ್ರದುರ್ಗ ಸೀಮೆಯ ಅನುಭವ ಒಪ್ಪುವುದಿಲ್ಲ.

ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ‘ನಾಗರಹಾವು’ 1972ರ ಕೊನೆಯಲ್ಲಿ ತೆರೆಕಂಡಿತು. ದುರ್ಗದ ಕೋಟೆಯ ಬಂಡೆಗಳ ನಡುವೆ ಚಿತ್ರೀಕರಣಗೊಂಡ ಅದರಲ್ಲಿ ಹಾಡು, ಹೊಡೆದಾಟ, ಪ್ರೇಮ, ಕಣ್ಣೀರು ಎಲ್ಲವೂ ಇದ್ದವು, ಜನರೂ ಮುಗಿಬಿದ್ದು ನೋಡಿದರು. ಆದರೆ ಕೆ.ಎಸ್. ಅಶ್ವತ್ಥ್ ಅಭಿನಯಿಸಿದ ಚಾಮಯ್ಯ ಮೇಷ್ಟ್ರು, ಶಿಷ್ಯ ರಾಮಾಚಾರಿಯ ಮೇಲಿನ ನಿಜವಾದ ವಾತ್ಸಲ್ಯದಿಂದಲೇ ಅವನು ತಾನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡುವಂತೆ ಮಾಡುತ್ತಾರೆ. ಗುರುವಿನ ಮಾತಿಗೆ ಕಟ್ಟುಬಿದ್ದ ರಾಮಾಚಾರಿ, ಮುಂದೆ ಆಕೆಯ ಬದುಕು ಹಾಳಾದುದನ್ನು ಕಣ್ಣಾರೆ ಕಾಣುತ್ತಾನೆ. ಒಳ್ಳೆಯವರ ಒಳ್ಳೆಯತನವೂ ಅನಾಹುತಕ್ಕೆ ಕಾರಣವಾಗಬಲ್ಲದೆಂಬ ಕಹಿಸತ್ಯವನ್ನು ಈ ಜನಪ್ರಿಯ ಚಿತ್ರ ಮುಚ್ಚಿಡಲಿಲ್ಲ, ಪ್ರೇಕ್ಷಕರೂ ಅದನ್ನು ತಿರಸ್ಕರಿಸಲಿಲ್ಲ.

ಹಾಗೆಂದು ಎಲ್ಲ ಚಿತ್ರಗಳನ್ನೂ ಒಂದೇ ಮಾನದಂಡದಿಂದ ಅಳೆಯುವುದೂ ನ್ಯಾಯವಲ್ಲ. ಕೃತಿಯ ಪ್ರತಿಯೊಂದು ಅಂಗವೂ ತಾನಿರುವ ಸಂದರ್ಭಕ್ಕೆ ಒಪ್ಪುವಂತಿರಬೇಕೆಂಬ ತತ್ತ್ವವನ್ನು, ಅಂದರೆ ಔಚಿತ್ಯವನ್ನು, 11ನೇ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಕಾವ್ಯದ ಜೀವವೆಂದು ಪ್ರತಿಪಾದಿಸಿದನು. ಈ ದೃಷ್ಟಿಯಿಂದ ನೋಡಿದರೆ, 2018ರ ‘ಕೆ.ಜಿ.ಎಫ್’ ಚಿತ್ರದ ನಾಯಕ ಮನುಷ್ಯಮಾತ್ರರಿಗೆ ಅಸಾಧ್ಯವಾದುದನ್ನು ಸಾಧಿಸುವುದು ತಾನಾಗಿಯೇ ದೋಷವಾಗುವುದಿಲ್ಲ. ಅನಂತನಾಗ್ ಅಭಿನಯಿಸಿದ ಪತ್ರಕರ್ತನ ನಿರೂಪಣೆಯಲ್ಲಿ ದಂತಕಥೆಯಂತೆ ಸಾಗುವ ಕಥನಕ್ಕೆ ಆ ಅತಿಶಯೋಕ್ತಿ ಒಪ್ಪುತ್ತದೆ. ಆದರೆ ಪಾತ್ರವೊಂದು ಕಾರಣವಿಲ್ಲದೆ ಬದಲಾದರೆ, ಕಥೆಗೆ ಸಂಬಂಧವಿಲ್ಲದ ಹಾಡು ನಡುವೆ ನುಗ್ಗಿದರೆ, ಹೆಣ್ಣನ್ನು ಕಾಡಿಸುವುದೇ ಪ್ರೇಮವೆಂದು ತೋರಿಸಿದರೆ, ಅದನ್ನು ಯಾವ ಬಗೆಯ ಚಿತ್ರದಲ್ಲಿಯೂ ಮನ್ನಿಸಬೇಕಾಗಿಲ್ಲ.

ಇಂಥ ವಿಮರ್ಶೆಯಿಂದ ಜನಪ್ರಿಯ ಚಿತ್ರಕ್ಕೆ ಹಾನಿಯಾಗುತ್ತದೆಂಬ ಭಯಕ್ಕೂ ಆಧಾರವಿಲ್ಲ. ‘ನಾಗರಹಾವು’ ಸ್ವತಃ ತ.ರಾ.ಸು. ಅವರಿಗೇ ಸಮಾಧಾನ ತಂದಿರಲಿಲ್ಲ. ಆದರೂ ಅದು ಜನಮನದಲ್ಲಿ ಉಳಿದು, 2018ರಲ್ಲಿ ಡಿಜಿಟಲ್ ರೂಪದಲ್ಲಿ ಮತ್ತೆ ತೆರೆಕಂಡಿತು.

ಹಳ್ಳಿಯ ಪ್ರೇಕ್ಷಕರಿಗೆ ಗಂಭೀರವಾದುದು ರುಚಿಸದೆಂಬ ವಾದಕ್ಕೆ ಚಿತ್ರದುರ್ಗ ಸೀಮೆಯ ಹೊಸದುರ್ಗ ತಾಲ್ಲೂಕಿನಲ್ಲಿಯೇ ಉತ್ತರವಿದೆ. ಇದೇ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ಮಾರ್ಗದರ್ಶನದಲ್ಲಿ 1997ರಲ್ಲಿ ಆರಂಭವಾದ ‘ಶಿವಸಂಚಾರ’ ತಿರುಗಾಟದ ನಾಟಕತಂಡ, ಅರ್ಥಪೂರ್ಣವಾದ ನಾಟಕಗಳನ್ನು ಊರೂರಿಗೆ ಕೊಂಡೊಯ್ಯುತ್ತ ಬಂದಿದೆ. ಸಾಣೇಹಳ್ಳಿಯ ನಾಟಕೋತ್ಸವಕ್ಕೆ ಸುತ್ತಲಿನ ಹಳ್ಳಿಗಳ ಜನ ಕುಟುಂಬಸಮೇತ ಬಂದು, ಬಯಲು ರಂಗಮಂದಿರದಲ್ಲಿ ಕುಳಿತು ಇಂಥ ನಾಟಕಗಳನ್ನು ನೋಡುತ್ತಾರೆ.

ಚಲನಚಿತ್ರೋತ್ಸವಗಳ ಚಿತ್ರಗಳನ್ನು ನೋಡುವವರು ಕೆಲವೇ ಮಂದಿಯಾದರೆ, ಹೊಸದುರ್ಗ ತಾಲ್ಲೂಕಿನ ಬಾಗೂರಿನಂಥ ಊರುಗಳಿಂದ ಪೇಟೆಗೆ ಬಂದು ಟಿಕೆಟ್ ಕೊಳ್ಳುವ ಬಹುಪಾಲು ಜನರ ಪಾಲಿಗೆ ಸಿನಿಮಾ ಎಂದರೆ ಜನಪ್ರಿಯ ಚಿತ್ರವೇ. ಆದ್ದರಿಂದ ಗುಣಮಟ್ಟದಲ್ಲಿ ಕೊಡುವ ರಿಯಾಯಿತಿಯ ನಷ್ಟವನ್ನು ಹೊರುವವರೂ ಅವರೇ; ಅತಿ ಹೆಚ್ಚು ಜನ ನೋಡುವ ಚಿತ್ರವನ್ನು ಅತಿ ಹೆಚ್ಚು ಕಾಳಜಿಯಿಂದ ಮಾಡಬೇಕೆಂದು ಕೇಳುವುದು ಅವರ ಹಕ್ಕು.