ಒಂದೇ ತಂತಿಗೆ ಎರಡು ಹಾದಿ

ನಮ್ಮ ವಾಚಕರಲ್ಲಿ ಹಲವರ ಮನೆಗಳಲ್ಲಿ ಹಾರ್ಮೋನಿಯಂ ಪೇಟಿ ಇರಬಹುದು. ಇಲ್ಲದವರು ಭಜನೆಯ ಮೇಳದಲ್ಲಾಗಲಿ, ಶ್ರೀಕೃಷ್ಣ ಪಾರಿಜಾತದ ಆಟದಲ್ಲಾಗಲಿ ಅದನ್ನು ಕಂಡೇ ಇರುವರು. ಜಮಖಂಡಿ ಮುಧೋಳಗಳ ಸೀಮೆಯಲ್ಲಿ, ನಮ್ಮ ಹುನ್ನೂರದಲ್ಲಂತೂ, ಪೇಟಿಯ ಧ್ವನಿಯನ್ನು ಕೇಳದ ಕಿವಿ ದುರ್ಲಭವೇ ಸರಿ. ಆ ಪೇಟಿಯ ಒಡಲಲ್ಲಿ ಸಾಮಾನ್ಯವಾಗಿ ರೀಡುಗಳ ಎರಡು ಸಾಲುಗಳಿರುವವು: ಒಂದು ಖರ್ಜದ್ದು, ಇನ್ನೊಂದು ನರದ್ದು. ಬೆರಳು ಒತ್ತುವದು ಒಂದೇ ಮನೆಯನ್ನು. ಗಾಳಿಯು ಮಾತ್ರ ಎರಡೂ ರೀಡುಗಳ ಮೂಲಕ ಹಾಯ್ದು, ಎರಡು ನಾದಗಳು ಕೂಡಿ ಒಂದಾಗಿ ಹೊರಬೀಳುವವು. ಇವೆರಡರ ಶ್ರುತಿಯು ಕೂದಲೆಳೆಯಷ್ಟು ತಪ್ಪಿದರೂ ಸ್ವರವು ಅಲೆಯಲೆಯಾಗಿ ನಡುಗಹತ್ತುವದು. ಆದಕಾರಣವೇ ಪೇಟಿ ಮಾಡುವವನು ರೀಡನ್ನು ಕೆರೆದು ಕೆರೆದು, ಎರಡನ್ನೂ ಕೂಡಿಸಿ ಕೇಳಿ, ಮತ್ತೆ ಕೆರೆಯುವನು. ಒಂದೊಂದನ್ನೇ ಬೇರೆಯಾಗಿ ಕೇಳಿ ಅವನು ತೃಪ್ತನಾಗಲಾರನು.

ಈಗಿನ ತರುಣರು ಗಿಟಾರು ನುಡಿಸುವಾಗ ಕಾಲ ಬಳಿಯಲ್ಲಿ ಇಟ್ಟುಕೊಳ್ಳುವ ಚಪ್ಪಟೆಯಾದ ಪೆಟ್ಟಿಗೆಯಲ್ಲಿಯೂ ಇದೇ ವ್ಯವಸ್ಥೆ ಉಂಟೆಂದರೆ ಹಿರಿಯರಿಗೆ ಸೋಜಿಗವೆನಿಸಬಹುದು. ಇದಕ್ಕೆ ಪ್ರೊಸೆಸರು ಎನ್ನುವರು. ಜಾತ್ರೆಯ ರಸಮಂಜರಿಗಳಲ್ಲಿ ನುಡಿಸಹೋಗುವ ಮಗನಿಗೋ ಮಗಳಿಗೋ ಕೂಡಿಟ್ಟ ಹಣವನ್ನು ಕೊಟ್ಟು ಇದನ್ನು ತರಿಸಿದ ಮನೆಗಳು ನಮ್ಮ ಸೀಮೆಯಲ್ಲಿಯೂ ಉಂಟು. ತರಿಸಿದ ಮೇಲೆ ನಾವು ಕೇಳುತ್ತ ಬಂದ ದೂರು ಬಹುತೇಕ ಒಂದೇ: ಮನೆಯಲ್ಲಿ ಹೆಡ್‌ಫೋನು ಹಚ್ಚಿಕೊಂಡು ಕೇಳಿದಾಗ ಗಂಧರ್ವಗಾನದಂತೆ ಇದ್ದುದು, ಜಾತ್ರೆಯ ಕಟ್ಟೆಯ ಮೇಲೆ ಡಬ್ಬಿ ಬಡಿದಂತೆ ಆಯಿತು. ತಂದೆಯಾದವನು ಪೆಟ್ಟಿಗೆಯನ್ನು ಬೈಯುವನು, ಇಲ್ಲವೆ ಮಗುವನ್ನು ಬೈಯುವನು. ದೋಷವು ಇಬ್ಬರಲ್ಲಿಯೂ ಇರಲಿಕ್ಕಿಲ್ಲ. ಎರಡು ಹಾದಿಗಳು ಕೂಡುವ ಸ್ಥಳದಲ್ಲಿ ಇರಬಹುದು. ಅದನ್ನು ಬಿಡಿಸಿ ಹೇಳಬೇಕೆಂದೇ ಈ ಲೇಖನ.

ವಿದ್ಯುತ್ ಗಿಟಾರಿನ ತಂತಿಯ ಸ್ವಂತ ಧ್ವನಿ ಬಹಳ ಕ್ಷೀಣವಾದದ್ದು. ತಂತಿಯ ಕೆಳಗಿರುವ ಅಯಸ್ಕಾಂತವೂ ತಾಮ್ರದ ಸುರುಳಿಯೂ ಕೂಡಿ ಅದರ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸಿ ಆಂಪ್ಲಿಫಾಯರಿಗೆ ಒಪ್ಪಿಸುವವು. ಆಂಪ್ಲಿಫಾಯರಾದರೋ ಧ್ವನಿಯನ್ನು ಹಿಗ್ಗಿಸುವದರೊಂದಿಗೆ ತನ್ನ ಗುಣವನ್ನೂ ಅದಕ್ಕೆ ಹಚ್ಚುವದು. ಅಮೆರಿಕೆಯ ಫೆಂಡರ್ ಆಂಪ್ಲಿಫಾಯರುಗಳು ತಿಳಿಯಾದ ನಾದಕ್ಕೆ ಹೆಸರಾದವು; 1962ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಎಂಬವನ ಅಂಗಡಿಯಲ್ಲಿ ಹುಟ್ಟಿದ ಮಾರ್ಷಲ್ ಆಂಪ್ಲಿಫಾಯರುಗಳು ಒರಟಾದ ಗರ್ಜನೆಗೆ ಹೆಸರಾದವು. ಎರಡರ ಗುಣವೂ ಬೇಕೆಂಬ ವಾದಕರು ಗಿಟಾರಿನ ವಾಯರನ್ನು ಕವಲೊಡೆಯಿಸಿ ಎರಡು ಯಂತ್ರಗಳನ್ನೂ ಏಕಕಾಲಕ್ಕೆ ನುಡಿಸತೊಡಗಿದರು. ಮುಂದೆ ಯಂತ್ರದ ಗುಣಗಳನ್ನು ಗಣಿತದಿಂದ ಅನುಕರಿಸುವ ಪೆಟ್ಟಿಗೆಗಳು ಬಂದವು. ಲೈನ್ ಸಿಕ್ಸ್ ಎಂಬ ಅಮೆರಿಕನ್ ಕಂಪನಿಯು 1998ರಲ್ಲಿ ಪಾಡ್ ಎಂಬುದನ್ನೂ, 2015ರಲ್ಲಿ ಹೀಲಿಕ್ಸ್ ಎಂಬುದನ್ನೂ ಹೊರತಂದಿತು. ಹೀಲಿಕ್ಸ್‌ದಂಥ ಪೆಟ್ಟಿಗೆಯು ತಂತಿಯ ವಿದ್ಯುತ್ತನ್ನು ಸೆಕೆಂಡಿಗೆ 48,000 ಸಲ ಅಳೆದು ಅಂಕಿಗಳನ್ನಾಗಿ ಮಾಡಿ, ಆ ಅಂಕಿಗಳನ್ನು ಬೇಕೆಂದಲ್ಲಿ ಎರಡು ಹಾದಿಗಳಾಗಿ ಒಡೆದು, ಒಂದು ಹಾದಿಯಲ್ಲಿ ಒಂದು ಆಂಪ್ಲಿಫಾಯರಿನ ಅನುಕರಣವನ್ನೂ ಇನ್ನೊಂದರಲ್ಲಿ ಇನ್ನೊಂದರದ್ದನ್ನೂ ಮಾಡಿ, ಮುಂದೆ ಮತ್ತೆ ಕೂಡಿಸುವದು.

ಕೂಡಿಸುವ ಬಗೆ ಎರಡು. ಅಲಂಕಾರಶಾಸ್ತ್ರವನ್ನು ಓದಿದವರು ಸಂಸೃಷ್ಟಿ, ಸಂಕರ ಎಂಬ ಭೇದವನ್ನು ಬಲ್ಲರು. ಎಳ್ಳೂ ಅಕ್ಕಿಯೂ ಕಲೆತರೂ ಕಣ್ಣಿಗೆ ಬೇರೆ ಬೇರೆಯಾಗಿಯೇ ತೋರುವವು. ಇದು ತಿಲತಂಡುಲ ನ್ಯಾಯ. ಹಾಲೂ ನೀರೂ ಕಲೆತರೆ ಬೇರ್ಪಡಿಸಲು ಬಾರದು. ಇದು ಕ್ಷೀರನೀರ ನ್ಯಾಯ. ಒಂದು ಹಾದಿಯನ್ನು ಎಡಗಿವಿಗೂ ಇನ್ನೊಂದನ್ನು ಬಲಗಿವಿಗೂ ಕೊಟ್ಟರೆ ಮೊದಲನೆಯದು. ಎರಡನ್ನೂ ಒಂದೇ ವಾಯರಿನಲ್ಲಿ ಹರಿಯಿಸಿದರೆ ಎರಡನೆಯದು. ಮನೆಯ ಹೆಡ್‌ಫೋನಿನಲ್ಲಿ ಕೇಳುವದು ಎಳ್ಳಕ್ಕಿ. ಜಾತ್ರೆಯಲ್ಲಿ ಧ್ವನಿವರ್ಧಕದವನು ಗಿಟಾರಿಗೆ ಕೊಡುವದು ಬಹುಶಃ ಒಂದೇ ವಾಯರು. ಅಲ್ಲಿ ಎಳ್ಳಕ್ಕಿಯನ್ನು ಬಲಾತ್ಕಾರವಾಗಿ ಹಾಲುನೀರಾಗಿ ಮಾಡಲಾಗುವದು. ಕಲಹವು ಹುಟ್ಟುವದು ಅಲ್ಲಿಯೇ.

ಕಲಹದ ಮೊದಲ ಕಾರಣ ಕಾಲ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುವದು. ಗುಡಿಯ ಮೇಲಿನ ಕರ್ಣೆಯೂ ಅದಕ್ಕಿಂತ 34 ಮೀಟರು ದೂರದ ಕರ್ಣೆಯೂ ಒಂದೇ ಹಾಡನ್ನು ಹಾಡಿದರೆ, ಒಂದರ ಬುಡದಲ್ಲಿ ನಿಂತವನಿಗೆ ಇನ್ನೊಂದರ ಹಾಡು ಸೆಕೆಂಡಿನ ಹತ್ತನೆಯ ಒಂದು ಪಾಲು ತಡವಾಗಿ ಬಂದು ಸಾಹಿತ್ಯವು ಗೊಂದಲವಾಗುವದು. ಪೆಟ್ಟಿಗೆಯೊಳಗಿನ ತಡವು ಇದಕ್ಕಿಂತ ಎಷ್ಟೋ ಕಿರಿದು, ಆದರೆ ಕೇಡು ಕಿರಿದಲ್ಲ. ಒಂದು ಹಾದಿಯನ್ನು ಪೆಟ್ಟಿಗೆಯಿಂದ ಹೊರಗೆ ಕಳಿಸಿ ಬೇರೊಂದು ಯಂತ್ರದ ಮೂಲಕ ತಿರುಗಿ ತಂದರೆ ಅದು ಒಂದೆರಡು ಮಿಲಿಸೆಕೆಂಡು ಹಿಂದೆ ಬೀಳಬಹುದು. ಒಂದೇ ಮಿಲಿಸೆಕೆಂಡು ಹಿಂದೆ ಬಿತ್ತೆನ್ನಿರಿ; ಆಗ ಸೆಕೆಂಡಿಗೆ 500 ಸಲ ಕಂಪಿಸುವ ನಾದದಲ್ಲಿ ಒಂದು ಹಾದಿಯ ಅಲೆ ಏರುವಾಗ ಇನ್ನೊಂದರದ್ದು ಇಳಿಯುವದು; ಎರಡೂ ಸಮಬಲವಾಗಿದ್ದರೆ ಆ ನಾದವು ಪೂರ್ಣವಾಗಿ ಅಳಿಯುವದು. 1500, 2500 ಕಂಪನಗಳಿಗೂ ಇದೇ ಗತಿ. 1000, 2000ಗಳು ಮಾತ್ರ ಉಬ್ಬುವವು. ಬಾಚಣಿಗೆಯ ಹಲ್ಲಿನಂತೆ ನಡುನಡುವೆ ಖಾಲಿಯಾದ ಈ ಧ್ವನಿಯೇ ತಂದೆಯು ದೂರಿದ ಡಬ್ಬಿಯ ಧ್ವನಿ.

ಎರಡನೆಯ ಕಾರಣ ಧನ-ಋಣ. ಒಂದು ಹಾದಿಯ ಯಂತ್ರವು ಅಲೆಯನ್ನು ತಲೆಕೆಳಗು ಮಾಡಿ ಕೊಟ್ಟರೆ, ಒಬ್ಬನು ಜೋಕಾಲಿಯನ್ನು ಮುಂದಕ್ಕೆ ನೂಕುವಾಗ ಇನ್ನೊಬ್ಬನು ಹಿಂದಕ್ಕೆ ಜಗ್ಗಿದಂತೆ. ತಗ್ಗಿನ ಸ್ವರಗಳು ಮೊದಲು ಸೊರಗುವವು. ಇದರ ಪರಿಹಾರ ಸುಲಭ. ಹೀಲಿಕ್ಸಿನಲ್ಲಿ ಹಾದಿಗಳು ಕೂಡುವಲ್ಲಿಯೇ ಎರಡನೆಯ ಹಾದಿಯ ಧನ-ಋಣವನ್ನು ತಿರುವಿಹಾಕುವ ಅನುಕೂಲವುಂಟು. ಎರಡನ್ನೂ ಸಮಬಲ ಮಾಡಿ, ಒಂದೇ ಸ್ಪೀಕರಿನಲ್ಲಿ ಕೇಳುತ್ತ, ದಪ್ಪ ತಂತಿಯನ್ನು ಮೀಟಿ ಆ ಗುಂಡಿಯನ್ನು ತಿರುವಿ ನೋಡಬೇಕು. ಯಾವುದರಲ್ಲಿ ನಾದವು ಮೈದುಂಬಿ ಬರುವದೋ ಅದನ್ನು ಉಳಿಸಿಕೊಳ್ಳತಕ್ಕದ್ದು. ತಗ್ಗಿನ ಸ್ವರಗಳನ್ನು ಒಂದೇ ಹಾದಿಗೆ, ಎತ್ತರದವುಗಳನ್ನು ಇನ್ನೊಂದಕ್ಕೆ ಹಂಚಿಬಿಡುವ ಉಪಾಯವೂ ಉಂಟು. ಬೇಸ್ ಗಿಟಾರು ನುಡಿಸುವವರಿಗೆ ಇದು ಬಹಳ ಒಪ್ಪುವದು, ಯಾಕಂದರೆ ಮೇಲ್ಭಾಗವನ್ನು ಎಷ್ಟು ಒರಟು ಮಾಡಿದರೂ ಬುಡವು ಗಟ್ಟಿಯಾಗಿ ನಿಲ್ಲುವದು.

ಬಲಾಬಲದ ಮಾತನ್ನೂ ಇಲ್ಲಿಯೇ ಹೇಳಿಬಿಡುವೆವು. ಸರ್ವಥಾ ಒಂದೇ ತೆರನಾದ ಎರಡು ಅಲೆಗಳು ಕೂಡಿದರೆ ಧ್ವನಿಯು 6 ಡೆಸಿಬೆಲ್ ಏರುವದು. ಪರಸ್ಪರ ಸಂಬಂಧವಿಲ್ಲದವು ಕೂಡಿದರೆ 3 ಮಾತ್ರ. ಎರಡು ಆಂಪ್ಲಿಫಾಯರುಗಳ ಧ್ವನಿಗಳು ಒಂದೇ ತಂತಿಯ ಮಕ್ಕಳಾದರೂ ಅವಳಿಗಳಲ್ಲ. ಆದಕಾರಣ ಏರಿಕೆಯು ಇಷ್ಟೇ ಎಂದು ಲೆಕ್ಕದಿಂದ ಹೇಳಲು ಬಾರದು. ಒಂದರಿಂದ ಎರಡಕ್ಕೆ ಹೋದಾಗ ಗಾಯಕಿಯ ಧ್ವನಿಯು ಮುಳುಗದಂತೆ, ಕೂಡಿದ ಮೇಲಿನ ಮಟ್ಟವನ್ನು ಕಿವಿಯಿಂದಲೇ ಇಳಿಸಿಕೊಳ್ಳಬೇಕು.

ಇನ್ನು ಹಾದಿ ಬದಲಿಸುವದು. ತಿಳಿಯಾದ ನಾದವನ್ನು ಒಂದು ಅಂಕದಲ್ಲಿಯೂ ಒರಟಾದುದನ್ನು ಇನ್ನೊಂದು ಅಂಕದಲ್ಲಿಯೂ ಜೋಡಿಸಿಟ್ಟು, ಪಲ್ಲವಿ ಮುಗಿದೊಡನೆ ಕಾಲಿನಿಂದ ಅಂಕವನ್ನು ಬದಲಿಸುವದು ಹುಡುಗರ ರೂಢಿ. ಅನೇಕ ಪೆಟ್ಟಿಗೆಗಳಲ್ಲಿ ಆ ಕ್ಷಣಕ್ಕೆ ಧ್ವನಿಯು ಗಕ್ಕನೆ ನಿಂತು ಮತ್ತೆ ಹೊರಡುವದು; ಮೊದಲಿನ ಸ್ವರದ ಅನುರಣನವೂ ಕತ್ತರಿಸಿಹೋಗುವದು. ಗಂಟೆಯನ್ನು ಬಾರಿಸಿ ಕೂಡಲೇ ಕೈಯಿಂದ ಹಿಡಿದರೆ ಕಿವಿಗೆ ಆಗುವ ನೋವು ಇದರಲ್ಲಿಯೂ ಆಗುವದು. ಅದರ ಬದಲು ಎರಡೂ ಹಾದಿಗಳನ್ನು ಒಂದೇ ಅಂಕದಲ್ಲಿ ಇರಿಸಿ, ಎರಡನ್ನೂ ಸದಾ ನಡೆಯಿಸುತ್ತ, ಪೆಡಲಿನ ಹಿಮ್ಮಡಿಯ ತುದಿಗೆ ಒಂದನ್ನೂ ಬೆರಳ ತುದಿಗೆ ಇನ್ನೊಂದನ್ನೂ ಹಚ್ಚಿದರೆ, ಪಾದವನ್ನು ಒತ್ತುತ್ತ ಹೋದಂತೆ ಒಂದು ನಾದವು ಇನ್ನೊಂದರಲ್ಲಿ ಕರಗುವದು. ಪ್ರತಿಧ್ವನಿಯ ಭಾಗವನ್ನು ಹಾದಿಗಳು ಕೂಡಿದ ನಂತರ ಇಡಬೇಕು. ಆಗ ಹಾದಿ ಬದಲಾದರೂ ಹಿಂದಿನ ಸ್ವರದ ಬಾಲವು ತಾನಾಗಿಯೇ ಸೋರಿ ಮುಗಿಯುವದು. ಹೀಗೆ ಮಾಡಿದರೆ ಪೆಟ್ಟಿಗೆಯ ಗಣನಶಕ್ತಿಯು ಇಮ್ಮಡಿ ವೆಚ್ಚವಾಗುವದೆಂಬುದು ನಿಜ. ಅಲಂಕಾರದ ಬೇರೆ ಒಂದೆರಡು ಧ್ವನಿಗಳನ್ನು ಬಿಡಬೇಕಾದೀತು. ಬಿಟ್ಟರೆ ನಷ್ಟವೇನೂ ಇಲ್ಲವೆಂದು ನಮ್ಮ ಮತ.

ತಂದೆತಾಯಿಗಳಿಗೆ ಹೇಳತಕ್ಕ ಮಾತೊಂದು ಉಳಿಯಿತು. ಪೆಟ್ಟಿಗೆಯ ಎರಡು ಹಾದಿಗಳನ್ನು ಎರಡು ನಿಜವಾದ ಆಂಪ್ಲಿಫಾಯರುಗಳಿಗೆ ಜೋಡಿಸಿದಾಗ, ಎರಡರ ಅರ್ಥಿಂಗುಗಳು ವಾಯರುಗಳ ಮೂಲಕ ಕೂಡಿ ಬಳೆಯಾಗಿ, ಗುಂಯ್‌ಗುಟ್ಟುವ ಸದ್ದು ಹುಟ್ಟುವದುಂಟು. ಅದನ್ನು ನಿಲ್ಲಿಸಲು ಪ್ಲಗ್ಗಿನ ಅರ್ಥಿಂಗಿನ ಕಡ್ಡಿಯನ್ನು ಮುರಿಯುವ ಅವಿವೇಕಿಗಳಿದ್ದಾರೆ. 1972ರಲ್ಲಿ ವೇಲ್ಸಿನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ಎಂಬ ಮೇಳದ ಗಿಟಾರು ವಾದಕ ಲೆಸ್ಲಿ ಹಾರ್ವಿಯು, ಕೈಯಲ್ಲಿ ಗಿಟಾರು ಇದ್ದಂತೆಯೇ, ಅರ್ಥಿಂಗು ಸರಿಯಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಪ್ರಾಣಬಿಟ್ಟನು. ಸದ್ದನ್ನು ಕಳೆಯಲು ಎರಡು ವಾಯರುಗಳ ನಡುವೆ ಹಾಕುವ, ಟ್ರಾನ್ಸ್‌ಫಾರ್ಮರು ಇರುವ ಸಣ್ಣ ಡಬ್ಬಿಗಳು ವಾದ್ಯದ ಅಂಗಡಿಗಳಲ್ಲಿ ದೊರೆಯುವವು. ಮಗುವು ಜಾತ್ರೆಗೆ ಹೊರಡುವ ಸಂಜೆ, ಬುತ್ತಿ ಕಟ್ಟಿಕೊಡುವ ತಾಯಿಯು ಪ್ಲಗ್ಗಿನ ಮೂರೂ ಕಡ್ಡಿಗಳು ಇರುವವೋ ಇಲ್ಲವೋ ಎಂಬುದನ್ನು ಒಮ್ಮೆ ನೋಡಿ ಚೀಲದಲ್ಲಿ ಇಡಲಿ.