ಮುದಿ ಬೆಕ್ಕಿಗೆ ಮೊಸರನ್ನವೇ?

ಹಾಲನ್ನು ಕಂಡು ಓಡಿಹೋದ ಬೆಕ್ಕಿನ ಕಥೆಯನ್ನು ಅರಿಯದವರು ನಮ್ಮಲ್ಲಿ ವಿರಳ. ತೆನಾಲಿ ರಾಮಕೃಷ್ಣನು ಕುದಿಯುವ ಹಾಲನ್ನಿಟ್ಟು ಬೆಕ್ಕಿನ ನಾಲಗೆ ಸುಡುವಂತೆ ಮಾಡಿ, ಮುಂದೆ ರಾಜಸಭೆಯಲ್ಲಿ ಅದು ಹಾಲಿಗೆ ಬೆನ್ನು ತೋರುವಂತೆ ಮಾಡಿದನಂತೆ. ಕಥೆಯನ್ನು ಕೇಳಿ ನಗುವ ನಾವು, ಹಾಲನ್ನೊಲ್ಲದ ಬೆಕ್ಕೆಂಬುದು ಲೋಕದಲ್ಲಿ ಇರಲಾರದೆಂದೇ ನಂಬಿದ್ದೇವೆ. ಪ್ರಾಯಕ್ಕೆ ಬಂದ ಅನೇಕ ಬೆಕ್ಕುಗಳ ಹೊಟ್ಟೆಗೆ ಹಾಲು ಒಗ್ಗದೆಂಬ ಸಂಗತಿ ನನಗೆ ತಿಳಿದದ್ದು ಕಳೆದ ವರ್ಷ. ತಿಳಿಸಿದವಳು ನಮ್ಮ ಮನೆಯ ಬೆಳ್ಳಿ.

ನಮ್ಮ ಮನೆ ಶಿಡ್ಲಘಟ್ಟದಲ್ಲಿ. ನಾನು ಪಾಠ ಹೇಳುವುದು ಚಿಂತಾಮಣಿಯಲ್ಲಿ. ಹಾಲಿಗೂ ರೇಷ್ಮೆಗೂ ಹೆಸರಾದ ಸೀಮೆ ಇದು. ಹುಳು ಸಾಕುವ ಮನೆಗಳಿಗೆ ಊಜಿ ನೊಣದ ಕಾಟ ಒಂದು ಕಡೆಯಾದರೆ, ಇಲಿಯ ಕಾಟ ಇನ್ನೊಂದು ಕಡೆ. ಇಲಿ ಹುಳುವನ್ನೂ ತಿನ್ನುತ್ತದೆ, ಗೂಡನ್ನು ಕಡಿದು ಒಳಗಿರುವುದನ್ನೂ ತಿನ್ನುತ್ತದೆ. ಅಂಥದೊಂದು ಮನೆಯಿಂದಲೇ ಬೆಳ್ಳಿಯು ಅಂಗೈಯಗಲದ ಮರಿಯಾಗಿ ನಮ್ಮಲ್ಲಿಗೆ ಬಂದಳು. ನಮ್ಮದು ಸಸ್ಯಾಹಾರದ ಮನೆ. ಹಾಲನ್ನ, ಮೊಸರನ್ನ, ಹಬ್ಬದ ದಿನ ಒಂದಿಷ್ಟು ತುಪ್ಪ, ಇವೇ ಅವಳ ಊಟ. ಹನ್ನೆರಡು ವರ್ಷ ಅವಳು ಮೈತುಂಬಿಕೊಂಡು ಬಾಳಿದಳು. ಮಾಂಸವಿಲ್ಲದೆಯೂ ಬೆಕ್ಕು ಸುಖವಾಗಿರಬಲ್ಲುದೆಂದು ಅಮ್ಮ ಬಂದವರೆದುರು ಹೆಮ್ಮೆಯಿಂದ ಹೇಳುತ್ತಿದ್ದರು.

ಹದಿಮೂರನೆಯ ವರ್ಷದ ಮಳೆಗಾಲದಲ್ಲಿ ಬೆಳ್ಳಿಗೆ ಭೇದಿ ಹತ್ತಿತು. ಉಂಡ ಸ್ವಲ್ಪ ಹೊತ್ತಿಗೆ ವಾಂತಿ. ಬೆನ್ನು ಸವರಿದರೆ ಮೂಳೆ ಕೈಗೆ ಸಿಕ್ಕುತ್ತಿತ್ತು.

“ವಯಸ್ಸಾಯಿತಲ್ಲ ಕಣೋ, ಹೊಟ್ಟೆ ಹಗುರವಾಗಿರಲಿ” ಎಂದು ಅಮ್ಮ ಅನ್ನವನ್ನು ಇನ್ನಷ್ಟು ಮೆತ್ತಗೆ ಮಾಡಿ, ಹಾಲನ್ನು ಹೆಚ್ಚಿಸಿದರು. ಭೇದಿ ಜೋರಾದ ದಿನ ಲಂಘನ. ಏಕಾದಶಿಯ ಉಪವಾಸದಿಂದ ಅವರ ಹೊಟ್ಟೆ ನೆಟ್ಟಗಾಗುತ್ತದೆ, ಬೆಕ್ಕಿನದೂ ಆಗಬಾರದೇಕೆ? ನನಗೂ ಅದು ಸರಿಯೆಂದೇ ತೋರಿತು. ಕನ್ನಡ ಎಂ.ಎ. ಓದಿದವನಿಗೆ ಬೆಕ್ಕಿನ ಜಠರದ ವಿಷಯ ಹೇಗೆ ತಿಳಿಯಬೇಕು!

ಕಡೆಗೆ ಬುಟ್ಟಿಯಲ್ಲಿಟ್ಟುಕೊಂಡು ಪಶುವೈದ್ಯರಲ್ಲಿಗೆ ಹೋದೆ. ಹಸು ಎಮ್ಮೆಗಳ ನಡುವೆ ನಮ್ಮ ಸರದಿ ಬಂದಾಗ ಅವರು ಬೆಳ್ಳಿಯ ಬಾಯಿ ತೆರೆದು ನೋಡಿ, ತೂಗಿ, ಒಂದೇ ಪ್ರಶ್ನೆ ಕೇಳಿದರು: “ಇಲಿ ಹಿಡಿಯುವುದನ್ನು ಬಿಟ್ಟು ಎಷ್ಟು ದಿನವಾಯಿತು ಮೇಷ್ಟ್ರೇ?”

ಆ ಪ್ರಶ್ನೆಯಲ್ಲಿ ಎಲ್ಲವೂ ಇತ್ತು. ಹನ್ನೆರಡು ವರ್ಷ ನಾವು ಬೆಳ್ಳಿಯನ್ನು ಸಾಕಿದೆವೆಂದುಕೊಂಡಿದ್ದೆವು. ವಾಸ್ತವವಾಗಿ ಅವಳು ತನ್ನನ್ನು ತಾನೇ ಸಾಕಿಕೊಂಡಿದ್ದಳು. ನಮ್ಮ ಹಾಲನ್ನ ಅವಳಿಗೆ ಉಪಾಹಾರ. ಊಟ ನಡೆಯುತ್ತಿದ್ದುದು ನೆರೆಮನೆಯ ಅಟ್ಟದ ಮೇಲೆ. ಕಾಲಿನ ಕಸುವು ಕುಂದಿ, ಎರಡು ಹಲ್ಲು ಬಿದ್ದು, ಬೇಟೆ ನಿಂತಾಗ ನಮ್ಮ ಉಪಾಹಾರವೇ ಅವಳ ಸಂಪೂರ್ಣ ಆಹಾರವಾಯಿತು.

ಬೆಕ್ಕು ಹುಲಿಯ ಕುಲದ್ದು, ಮಾಂಸವನ್ನೇ ನಂಬಿದ ಜೀವ. ಟಾರಿನ್ ಎಂಬ ವಸ್ತುವನ್ನು ನಮ್ಮ ದೇಹ ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ದೇಹಕ್ಕೆ ಆ ಶಕ್ತಿ ಸಾಲದು, ಸಸ್ಯಗಳಲ್ಲಿ ಅದು ದೊರೆಯುವಂತೆಯೂ ಇಲ್ಲ. ಅದರ ಕೊರತೆಯಿಂದ ಬೆಕ್ಕಿನ ಅಕ್ಷಿಪಟಲ ನಶಿಸುವುದೆಂದು 1975ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನ ಪಶುವೈದ್ಯರು ಹೃದಯವೂ ಅದರಿಂದ ದುರ್ಬಲವಾಗುವುದನ್ನು ಕಂಡರು. ಇನ್ನು ಹಾಲಿನ ಮಾತು. ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಮರಿಯಲ್ಲಿ ಧಾರಾಳವಾಗಿದ್ದು, ತಾಯಿಯ ಮೊಲೆ ಬಿಟ್ಟ ಮೇಲೆ ಇಳಿಯುತ್ತ ಹೋಗುತ್ತದೆ. ಅರಗದ ಸಕ್ಕರೆ ಕರುಳಿನಲ್ಲಿ ನೀರನ್ನೆಳೆದುಕೊಂಡು ಹುಳಿಯುತ್ತದೆ, ಅದೇ ಭೇದಿ.

ಮುಪ್ಪಿನಲ್ಲಿ ಮಿತಾಹಾರವೆಂಬ ನಮ್ಮ ನಿಯಮವೂ ಬೆಕ್ಕಿನ ಪಾಲಿಗೆ ತಲೆಕೆಳಗು. ಹನ್ನೊಂದು ಹನ್ನೆರಡು ದಾಟಿದ ಅನೇಕ ಬೆಕ್ಕುಗಳಲ್ಲಿ ಕೊಬ್ಬೂ ಸಸಾರಜನಕವೂ ಮೊದಲಿನಷ್ಟು ಅರಗುವುದಿಲ್ಲ. ಆದಕಾರಣ ಅವಕ್ಕೆ ಬೇಕಾದದ್ದು ಒಳ್ಳೆಯ ಸಸಾರಜನಕವುಳ್ಳ ಆಹಾರ, ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ನಾಲ್ಕಾರು ಬಾರಿ. ಸಾಲದಾದರೆ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿಕೊಳ್ಳುತ್ತದೆ. ಲಂಘನವಂತೂ ಅಪಾಯಕರ. ಎರಡು ಮೂರು ದಿನ ಬೆಕ್ಕು ಏನನ್ನೂ ತಿನ್ನದಿದ್ದರೆ ಮೈಯ ಕೊಬ್ಬು ಯಕೃತ್ತಿನಲ್ಲಿ ತುಂಬಿ ಪ್ರಾಣಕ್ಕೇ ಕುತ್ತು ಬರಬಹುದು; ದಪ್ಪ ಬೆಕ್ಕಿಗೆ ಈ ಭಯ ಇನ್ನೂ ಹೆಚ್ಚು. ಪರಮೌಷಧವೆಂದು ನಾವು ಕೊಟ್ಟದ್ದು ಏನೆಂಬುದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ.

ಎಲ್ಲ ಅಜೀರ್ಣವೂ ಆಹಾರದಿಂದಲೇ ಬಂದದ್ದೆನ್ನುವಂತಿಲ್ಲ. ಹೊಟ್ಟೆಬಾಕನಂತೆ ತಿಂದೂ ಸೊರಗುವ ಮುದಿ ಬೆಕ್ಕಿಗೆ ಥೈರಾಯ್ಡ್ ಗ್ರಂಥಿ ಕೆರಳಿರಬಹುದು. ಹೆಚ್ಚು ನೀರು ಕುಡಿದು, ಮಲಬದ್ಧತೆಯಿಂದ ಒದ್ದಾಡುವ ಬೆಕ್ಕಿಗೆ ಮೂತ್ರಪಿಂಡ ಸೋತಿರಬಹುದು. ಅಂಥದಕ್ಕೆ ರಂಜಕ ಕಡಿಮೆಯಿರುವ ಬೇರೆಯೇ ಪಥ್ಯವುಂಟು, ಅದನ್ನು ವೈದ್ಯರೇ ಹೇಳಬೇಕು. ರಕ್ತಪರೀಕ್ಷೆಗಾಗಿ ನಾವು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋದೆವು. 1958ರಲ್ಲಿ ಸ್ಥಾಪನೆಯಾದ ಸಂಸ್ಥೆಯದು. ಬೆಳ್ಳಿಯ ಗ್ರಂಥಿಯೂ ನೆಟ್ಟಗಿತ್ತು, ಮೂತ್ರಪಿಂಡವೂ ನೆಟ್ಟಗಿತ್ತು. ಕೆಟ್ಟದ್ದು ನಮ್ಮ ಅಡುಗೆ.

ಆಗ ಮನೆಯಲ್ಲಿ ಧರ್ಮಸಂಕಟ ಹುಟ್ಟಿತು. ಗೌರಿಬಿದನೂರಿನ ಕಡೆಯ ನನ್ನ ಸಹೋದ್ಯೋಗಿಗಳ ಮನೆಯಲ್ಲಿ ಬೆಕ್ಕಿಗೆ ಕೋಳಿಯ ಗುಂಡಿಗೆಯನ್ನು ಬೇಯಿಸಿ, ಬೆಂದ ನೀರಿನೊಡನೆಯೇ ಇಡುತ್ತಾರೆ. ಟಾರಿನ್ ನೀರಿಗಿಳಿಯುವುದರಿಂದ ಅದೇ ಸರಿಯಾದ ಕ್ರಮವೆಂದು ವೈದ್ಯರೂ ಒಪ್ಪಿದರು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಮಾತ್ರ ಬೆಕ್ಕಿನ ರಕ್ತವನ್ನು ಕೆಡಿಸುತ್ತದೆ. ಮನುಷ್ಯರ ಜ್ವರದ ಮಾತ್ರೆ ಪ್ಯಾರಾಸಿಟಮಾಲ್ ಅಂತೂ ಬೆಕ್ಕಿಗೆ ವಿಷ. ಆದರೆ ನಮ್ಮ ಅಡುಗೆಮನೆಯಲ್ಲಿ ಕೋಳಿ ಬೇಯುವುದೆಂತು? ಅಮ್ಮ ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ, “ಹಿತ್ತಿಲ ಜಗಲಿಯಲ್ಲಿ ಏನಾದರೂ ಮಾಡಿಕೊಳ್ಳಿ, ಪಾತ್ರೆ ಒಳಗೆ ಬರಕೂಡದು” ಎಂದರು. ಟಾರಿನ್ ಬೆರೆಸಿದ ಸಿದ್ಧ ಆಹಾರದ ಪೊಟ್ಟಣಗಳನ್ನು ಚಿಕ್ಕಬಳ್ಳಾಪುರದಿಂದ ತಂದೆ. ಹಳೆಯ ಅನ್ನಕ್ಕೆ ಚೂರುಚೂರಾಗಿ ಬೆರೆಸುತ್ತ, ಹತ್ತು ದಿನಗಳಲ್ಲಿ ಅನ್ನವನ್ನು ಬಿಡಿಸಿದೆವು. ಒಮ್ಮೆಲೇ ಬದಲಿಸಿದರೆ ಹೊಟ್ಟೆ ಮತ್ತೆ ಕೆಡುತ್ತದೆ. ಮನೆಯಲ್ಲಿ ಮೂರು ಕಡೆ ನೀರಿನ ಬಟ್ಟಲನ್ನಿಟ್ಟೆವು.

ಭೇದಿ ಎರಡು ವಾರದಲ್ಲಿ ನಿಂತಿತು. ನಾಲ್ಕು ಕಿಲೋ ಇದ್ದವಳು ಮೂರಕ್ಕಿಳಿದಿದ್ದಳು. ತಿಂಗಳಿಗೊಮ್ಮೆ ಬೀದಿಯ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಬುಟ್ಟಿಸಮೇತ ತೂಗಿಸುತ್ತೇನೆ. ಕಳೆದ ಬಾರಿ ಮೂರೂವರೆ ತೋರಿಸಿತು.

ಮುದಿ ಬೆಕ್ಕಿಗೆ ವಾಸನೆ ಮಂದವಾಗುವುದರಿಂದ ಆಹಾರವನ್ನು ತುಸು ಬೆಚ್ಚಗೆ ಮಾಡಿ ಇಡಬೇಕು. ಮೊನ್ನೆ ಕಾಲೇಜಿನಿಂದ ತಡವಾಗಿ ಬಂದೆ. ಜಗಲಿಯಲ್ಲಿ ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, ಬಿಸಿನೀರಿನ ಬಟ್ಟಲಿನಲ್ಲಿ ಪೊಟ್ಟಣವನ್ನು ಅದ್ದಿ ಹಿಡಿದು ನಿಂತಿದ್ದರು. “ಎಷ್ಟು ಹೊತ್ತೋ ನಿನ್ನದು? ಅದಕ್ಕೆ ಹಸಿವಾಗುವುದಿಲ್ಲವೇ?” ಎಂದರು.