ಎಷ್ಟು ಟನ್ನಿನ ಜಾಕ್?

ಉಡುಪಿಯ ಹಾರ್ಡ್‌ವೇರ್ ಅಂಗಡಿಯೊಂದರ ಮೆಟ್ಟಿಲು ಹತ್ತಿ 'ಮನೆ ಕೆಲಸಕ್ಕೆ ಒಂದು ಜಾಕ್ ಬೇಕಿತ್ತು' ಎಂದು ಕೇಳಿ ನೋಡಿ. 'ಎಷ್ಟು ಟನ್ನಿದ್ದು ಮಾರಾಯ್ರೆ?' ಎಂಬ ಪ್ರಶ್ನೆ ಕೂಡಲೇ ಬರುತ್ತದೆ. ಕೇಳಿದವರು ತಲೆ ಕೆರೆದುಕೊಳ್ಳುತ್ತಾರೆ. ತಮ್ಮ ಚಾವಡಿಯ ಕಂಬದ ಮೇಲೆ ಎಷ್ಟು ಟನ್ ಭಾರ ಕುಳಿತಿದೆ ಎಂದು ತೂಗಿ ನೋಡಿದವರು ಯಾರಿದ್ದಾರೆ? ಕೊನೆಗೆ 'ಇರಲಿ, ದೊಡ್ಡದೇ ಕೊಡಿ' ಎಂದು ಹತ್ತು ಟನ್ನಿನದನ್ನು ಹೊತ್ತು ತರುತ್ತಾರೆ. ಮನೆಯಲ್ಲಿ ಅದನ್ನು ಇಡಬೇಕಾದ ಸಂದಿ ಐದೇ ಇಂಚು ಇದ್ದರೆ ಜಾಕ್ ಅದರೊಳಗೆ ಹೋಗುವುದೇ ಇಲ್ಲ.

ಹೆಸರಿನದ್ದೂ ಒಂದು ಗೊಂದಲವಿದೆ. ಗ್ಯಾರೇಜಿನವರಿಗೆ ಜಾಕ್ ಎಂದರೆ ಕಾರಿನ ಅಡಿಗಿಡುವ ಸಾಧನ. ಕಾಂಕ್ರೀಟ್ ಕೆಲಸದವರು 'ಜಾಕಿ' ಎನ್ನುವುದು ಸೆಂಟ್ರಿಂಗ್ ಹಲಗೆಗಳಿಗೆ ಆಸರೆ ಕೊಡುವ ಕಬ್ಬಿಣದ ಕೊಳವೆ ಕಂಬವನ್ನು. ಮೊದಲಿನದು ಎತ್ತುತ್ತದೆ, ಎರಡನೆಯದು ಎತ್ತಿದ್ದನ್ನು ಹಿಡಿದಿಡುತ್ತದೆ. ಈ ವ್ಯತ್ಯಾಸ ತಿಳಿಯದೆ ಕೆಲಸಕ್ಕೆ ಇಳಿದರೆ ಅಪಾಯ. ಅದನ್ನು ಮುಂದೆ ನೋಡೋಣ.

ನಮ್ಮ ಕಡೆ ಮನೆಗಳಲ್ಲಿ ಜಾಕಿನ ಅಗತ್ಯ ಹೆಚ್ಚಾಗಿ ಬೀಳುವುದು ಎಲ್ಲಿ? ಕಾರಿನ ಟೈರು ಬದಲಿಸಲು ಕಾರಿನ ಜೊತೆಗೇ ಬರುವ ಕತ್ತರಿ ಜಾಕ್ ಸಾಕು. ಹಳೆಯ ಕಪಾಟು, ಪತ್ತಾಯ, ಕಡೆಯುವ ಕಲ್ಲು ಇವನ್ನೆಲ್ಲ ನಾಲ್ಕು ಜನ ಸೇರಿ ಹಾರೆಯಿಂದ ಮೀಟಿ ಸರಿಸಿಯಾರು. ಜಾಕ್ ಇಲ್ಲದೆ ಆಗದ ಕೆಲಸವೆಂದರೆ ಹಂಚಿನ ಮನೆಯ ಮರದ ಕಂಬದ ಬುಡ. ಪ್ರತಿ ಮಳೆಗಾಲದಲ್ಲೂ ನೀರು ಎರಚಿ, ಗೆದ್ದಲು ಹತ್ತಿ, ಕಂಬದ ಬುಡ ಒಂದಡಿಯಷ್ಟು ಪುಡಿಯಾಗಿರುತ್ತದೆ. ಮೇಲಿನ ಮರ ಇನ್ನೂ ನೂರು ವರ್ಷ ಬಾಳುವಂಥದ್ದು. ಬುಡವನ್ನಷ್ಟೇ ಕತ್ತರಿಸಿ ತೆಗೆದು ಅಡಿಗೆ ಕಲ್ಲು ಕೊಡಬೇಕು. ಅದಕ್ಕಾಗಿ ತೊಲೆಯನ್ನು ಕಾಲು ಇಂಚು ಮೇಲೆತ್ತಿದರೆ ಸಾಕು. ಆದರೆ ಆ ಕಾಲು ಇಂಚಿನ ಜೊತೆಗೆ ಇಡೀ ಮಾಡು ಏಳಬೇಕು!

ಮನೆಯನ್ನೇ ಬಿಚ್ಚಿ ಬೇರೆಡೆ ಕಟ್ಟುವುದು ಇನ್ನೊಂದು ದಾರಿ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈಯವರು ಮಾಡಿದ್ದು ಅದನ್ನೇ. ಬೀಳಲಿದ್ದ ಹಳೆಯ ಮನೆಗಳನ್ನು ಕಂಬ, ತೊಲೆ, ಬಾಗಿಲುಗಳ ಸಮೇತ ಬಿಚ್ಚಿ ತಂದು ಮರಳಿ ಜೋಡಿಸಿದರು. ಕುಂಜೂರಿನ ಚೌಕಿಮನೆ, ಕಾರ್ಕಳದ ಬಳಿಯ ಮಿಯಾರಿನ ಮನೆ ಹಾಗೆ ಉಳಿದವು. ಅದಕ್ಕೆ ಒಬ್ಬ ಮನುಷ್ಯನ ಆಯುಷ್ಯವೇ ಬೇಕಾಯಿತು. ಶೆಣೈಯವರು 2017ರಲ್ಲಿ ತೀರಿಕೊಂಡರು. ನಿಂತಲ್ಲೇ ಮನೆ ಉಳಿಸಿಕೊಳ್ಳಬೇಕೆನ್ನುವವರಿಗೆ ಜಾಕೇ ಗತಿ.

ಈಗ ಟನ್ನಿನ ಲೆಕ್ಕ. 100 ಚದರಡಿ ಮಾಡಿಗೆ ಸುಮಾರು 140ರಿಂದ 150 ಮಂಗಳೂರು ಹಂಚು ಬೇಕು. ಒಂದು ಹಂಚಿನ ತೂಕ ಎರಡರಿಂದ ಎರಡೂವರೆ ಕಿಲೋ. ಅಂದರೆ ಹಂಚಿನ ಭಾರವೇ ಮೂರರಿಂದ ಮೂರೂವರೆ ಕ್ವಿಂಟಾಲ್. ರೀಪು, ಪಕ್ಕಾಸು, ತೊಲೆ ಸೇರಿಸಿದರೂ ಜಗಲಿಯ ಒಂದು ಕಂಬಕ್ಕೆ ಬರುವ ಪಾಲು ಸಾಮಾನ್ಯವಾಗಿ ಒಂದು ಟನ್ ದಾಟದು. ಆದರೆ ಉಪ್ಪರಿಗೆ ಮನೆಯಾಗಿದ್ದು, ಮರದ ಮುಚ್ಚಿಗೆಯ ಮೇಲೆ ನಾಲ್ಕಿಂಚು ಮಣ್ಣು ಹಾಸಿದ್ದರೆ ಲೆಕ್ಕವೇ ಬೇರೆ. 100 ಚದರಡಿಯ ಆ ಮಣ್ಣೊಂದೇ ಒಂದೂವರೆ ಟನ್ ತೂಗುತ್ತದೆ. ನೋಡಲು ತೆಳ್ಳಗಿನ ನೆಲ, ಹೊರೆ ಮಾತ್ರ ಹಂಚಿಗಿಂತ ನಾಲ್ಕು ಪಾಲು! ಇಷ್ಟಾದರೂ ಐದು ಟನ್ನಿನ ಜಾಕ್ ಧಾರಾಳವಾಯಿತು. ಜಾಕಿನ ಮೇಲೆ ಬರೆದ ಶಕ್ತಿಯ ಅರ್ಧದಷ್ಟನ್ನೇ ಬಳಸುವುದು ಒಳ್ಳೆಯದೆಂಬುದೂ ಈ ಲೆಕ್ಕಕ್ಕೆ ಸರಿಹೊಂದುತ್ತದೆ.

ಅಂಗಡಿಯಲ್ಲಿ ಎರಡು ಜಾತಿಯವು ಸಿಗುತ್ತವೆ. ಒಂದು ಸ್ಕ್ರೂ ಜಾಕ್, ಇನ್ನೊಂದು ಎಣ್ಣೆಯ ಬಾಟಲ್ ಜಾಕ್. ಬಾಟಲ್ ಜಾಕಿನ ಗುಟ್ಟು ಪಾಸ್ಕಲನ ನಿಯಮ. ಮುಚ್ಚಿದ ಪಾತ್ರೆಯೊಳಗಿನ ದ್ರವದ ಮೇಲೆ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮನಾಗಿ ಹಬ್ಬುತ್ತದೆ. ಈ ನಿಯಮವನ್ನು ಹಿಡಿದು ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದ. ಅಮೆರಿಕದ ರಿಚರ್ಡ್ ಡಜನ್ 1851ರಲ್ಲಿ ಅದನ್ನು ಕೈಯಲ್ಲಿ ಒಯ್ಯಬಲ್ಲ ಜಾಕ್ ಮಾಡಿದ. ಸಣ್ಣ ಪಿಸ್ಟನ್ನಿನ ವ್ಯಾಸ ಒಂದು ಸೆಂಟಿಮೀಟರ್, ದೊಡ್ಡದರದ್ದು ಮೂರು ಎಂದಿಟ್ಟುಕೊಳ್ಳಿ. ಬಲ ಒಂಬತ್ತು ಪಾಲಾಯಿತು. ಹ್ಯಾಂಡಲಿನ ಸನ್ನೆಯಿಂದ ಮತ್ತೆ ಹನ್ನೆರಡು ಪಾಲು. ಕೈಯಿಂದ ಇಪ್ಪತ್ತು ಕಿಲೋದಷ್ಟು ಒತ್ತಿದರೆ ಎರಡು ಟನ್ ಮೇಲೇಳುತ್ತದೆ. ಆದರೆ ಏಳುವುದು ಒಂದೊಂದು ಒತ್ತಿಗೆ ಎರಡು ಮಿಲಿಮೀಟರ್ ಮಾತ್ರ.

ಸ್ಕ್ರೂ ಜಾಕ್ ಮೈಮುರಿಯುವ ಯಂತ್ರ. ತಿರುಗಿಸುವ ಶ್ರಮದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನು ತಿರುಪಿನ ತಿಕ್ಕಾಟವೇ ನುಂಗುತ್ತದೆ. ಆ ತಿಕ್ಕಾಟವೇ ಅದರ ಗುಣವೂ ಹೌದು: ಕೈಬಿಟ್ಟರೂ ಹಿಂದಕ್ಕೆ ತಿರುಗುವುದಿಲ್ಲ, ರಾತ್ರಿಯಿಡೀ ನಿಂತರೂ ಕೂದಲೆಳೆಯಷ್ಟೂ ಇಳಿಯುವುದಿಲ್ಲ. ಬಾಟಲ್ ಜಾಕಿಗೆ ಆ ಭರವಸೆ ಇಲ್ಲ. ಒಳಗಿನ ರಬ್ಬರ್ ಸೀಲಿನಲ್ಲಿ ಸಣ್ಣ ಗೀರಿದ್ದರೂ ಎಣ್ಣೆ ಸೋರಿ ಸದ್ದಿಲ್ಲದೆ ಕುಸಿಯುತ್ತದೆ. ಕಂಬದ ಕೆಲಸಕ್ಕೆ ನನ್ನ ಮತ ಸ್ಕ್ರೂ ಜಾಕಿಗೆ. ಒಂದೇ ಜಾಕ್ ಕೊಳ್ಳುವುದು, ಕಾರಿಗೂ ಅದೇ ಬೇಕು ಎನ್ನುವವರು ಬಾಟಲ್ ಜಾಕ್ ಕೊಂಡುಕೊಳ್ಳಲಿ. ಆದರೆ ಜೊತೆಗೆ ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡುವವರಲ್ಲಿ ಎರಡು ಜಾಕಿಯನ್ನೂ ಹೇಳಿಟ್ಟಿರಲಿ.

ಎತ್ತುವುದು ಜಾಕಿನ ಕೆಲಸ, ಹೊರುವುದು ಅದರ ಕೆಲಸವಲ್ಲ. ತೊಲೆ ಏಳುತ್ತಿದ್ದಂತೆ ಸೆಂಟ್ರಿಂಗ್ ಜಾಕಿಯನ್ನು ತಿರುಗಿಸಿ ಬಿಗಿ ಮಾಡುತ್ತ ಬರಬೇಕು. ಭಾರ ಜಾಕಿಗೆ ಹೋದ ಮೇಲೆಯೇ ಕಂಬಕ್ಕೆ ಗರಗಸ ತಾಗಿಸಬೇಕು. ಕಾರಿನ ವಿಷಯವೂ ಇದೇ. ಬರೀ ಜಾಕನ್ನು ನಂಬಿ ಕಾರಿನಡಿಗೆ ನುಸುಳಿದವರು ಸೀಲ್ ಕೈಕೊಟ್ಟರೆ ಹೊರಬರಲಾರರು. ಎರಡು ಸ್ಟ್ಯಾಂಡ್, ಚಕ್ರಕ್ಕೆ ಅಡ್ಡ ಕಲ್ಲು ಇಲ್ಲದೆ ಆ ಕೆಲಸಕ್ಕೆ ಹೋಗಲೇಬಾರದು. ಅವಸರವೂ ಸಲ್ಲದು. ಎಷ್ಟೋ ವರ್ಷ ಕುಸಿದು ಕುಳಿತ ತೊಲೆಯನ್ನು ಒಂದೇ ಗಳಿಗೆಯಲ್ಲಿ ಎತ್ತಿದರೆ ಹಂಚು ಒಡೆಯುತ್ತದೆ, ಗೋಡೆ ಬಿರಿಯುತ್ತದೆ. ಮರ ಕಿರುಗುಟ್ಟಿದೊಡನೆ ನಿಲ್ಲಿಸಿ, ಚಹಾ ಕುಡಿದು ಬಂದು ನೋಡುವ ಆಚಾರಿಗಳೇ ಬಲ್ಲವರು. ಕಂಬದ ಕೆಲಸಕ್ಕೆ ಅಂಥವರೊಬ್ಬರು ಪಕ್ಕದಲ್ಲಿರಲೇಬೇಕು.

ಭಾರ ಎತ್ತುವ ವಿಷಯದಲ್ಲಿ ಕಾರ್ಕಳದವರಿಗೆ ಪಾಠ ಹೇಳಬೇಕಾಗಿಲ್ಲ. ವೀರಪಾಂಡ್ಯನ ಕಾಲದಲ್ಲಿ, 1432ರಲ್ಲಿ, 42 ಅಡಿಯ ಗೊಮ್ಮಟನನ್ನು ಬೆಟ್ಟದ ಮೇಲೆ ನಿಲ್ಲಿಸಿದ ಊರು ಅದು. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಡೆದದ್ದೂ ಕಾರ್ಕಳದಲ್ಲಿಯೇ. 1973ರಲ್ಲಿ 64 ಗಾಲಿಗಳ ಟ್ರಾಲಿಯ ಮೇಲೆ ಆ ಮೂರ್ತಿ ಹೊರಟಾಗ ದಾರಿಯುದ್ದಕ್ಕೂ ಜನ ನೆರೆದಿದ್ದರು. ಇಂದಿಗೂ ಅಲ್ಲಿನ ಕಲ್ಲುಕುಟಿಗರು ಕೆಲಸ ಮಾಡುವುದನ್ನು ನೋಡಬೇಕು. ಕಲ್ಲನ್ನು ಬೆರಳಷ್ಟು ಎತ್ತಿ, ಸಂದಿಗೆ ಮರದ ತುಂಡು ತುರುಕಿ, ಮತ್ತೆ ಬೆರಳಷ್ಟು ಎತ್ತುತ್ತಾರೆ. ಮರದ ತುಂಡಿಲ್ಲದೆ ಎರಡನೆಯ ಬಾರಿ ಎತ್ತುವುದಿಲ್ಲ.

ಜಾಕ್ ಕೂರುವ ನೆಲವೂ ಊರಿಂದೂರಿಗೆ ಬೇರೆ. ಕಾರ್ಕಳದ ಗಟ್ಟಿ ಮುರಕಲ್ಲಿನ ಅಂಗಳದಲ್ಲಿ ಹಲಗೆಯೊಂದನ್ನಿಟ್ಟರೆ ನಡೆದೀತು. ಕಾಪುವಿನ ಕಡಲ ಬದಿಯ ಹೊಯಿಗೆ ನೆಲದಲ್ಲಿ ಅದೇ ಹಲಗೆ ಇಟ್ಟರೆ ತೊಲೆ ಏಳುವ ಬದಲು ಜಾಕೇ ಕೆಳಗಿಳಿಯುತ್ತದೆ. ಅಲ್ಲಿ ದಪ್ಪದ ಮರದ ಹಲಗೆಗಳನ್ನು ಅಡ್ಡಡ್ಡ ಎರಡು ಸಾಲು ಹಾಸಿ, ಮೇಲೊಂದು ಕಬ್ಬಿಣದ ತಗಡು ಇಟ್ಟು, ಅದರ ಮೇಲೆ ಜಾಕ್ ಕೂರಿಸಬೇಕು. ಜಾಕಿನ ತಲೆಗೂ ತೊಲೆಗೂ ನಡುವೆ ಗಟ್ಟಿಮರದ ತುಂಡು ಬೇಕು. ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಜಾರುತ್ತದೆ.

ಕೊಳ್ಳುವ ಮುಂಚೆ ಅಳತೆ ಪಟ್ಟಿ ಹಿಡಿದು ಮೂರು ಸಂಗತಿ ಬರೆದುಕೊಂಡು ಹೋಗಿ: ಜಾಕ್ ಇಡುವ ಸಂದಿಯ ಎತ್ತರ, ಎಷ್ಟು ಎತ್ತಬೇಕು, ಅಂದಾಜು ಭಾರ. ಅಂಗಡಿಯಲ್ಲಿ ಹ್ಯಾಂಡಲ್ ಹಾಕಿಸಿ, ಪೂರ್ತಿ ಏರಿಸಿ ಇಳಿಸಿ ನೋಡಿ. ಒಳಗಿನ ಕಂಬ ಕನ್ನಡಿಯಂತೆ ನುಣುಪಾಗಿರಬೇಕು, ಬುಡದಲ್ಲಿ ಎಣ್ಣೆಯ ಪಸೆ ಇರಬಾರದು. ಬಾಟಲ್ ಜಾಕನ್ನು ಅಡ್ಡ ಮಲಗಿಸಿ ಬಳಸುವ ಯೋಚನೆ ಬೇಡ; ಹೆಚ್ಚಿನವು ನೆಟ್ಟಗೆ ನಿಂತರೆ ಮಾತ್ರ ಕೆಲಸ ಮಾಡುತ್ತವೆ. ಹಳೆಯ ಲಾರಿ ಜಾಕ್ ಅಗ್ಗಕ್ಕೆ ಸಿಗುತ್ತದೆಂದು ಹೆದ್ದಾರಿ ಬದಿಯ ಗುಜರಿಗೆ ಹೋಗುವವರಿದ್ದಾರೆ. ಸ್ಕ್ರೂ ಜಾಕಾದರೆ ತಿರುಪಿನ ಹಲ್ಲು ಸವೆದಿಲ್ಲವೆಂದು ನೋಡಿ ತರಬಹುದು. ಎಣ್ಣೆಯದ್ದು ಬೇಡವೇ ಬೇಡ.

ಉಪ್ಪುಗಾಳಿಯ ಊರಿನಲ್ಲಿ ಜಾಕನ್ನು ಪೂರ್ತಿ ಇಳಿಸಿ, ನೆಟ್ಟಗೆ, ಎಣ್ಣೆಬಟ್ಟೆ ಸುತ್ತಿ ಇಡಬೇಕು. ಹೊರಗುಳಿದ ಒಳಗಂಬಕ್ಕೆ ಒಂದು ಚುಕ್ಕೆ ತುಕ್ಕು ಹಿಡಿದರೂ ಸೀಲ್ ಹರಿಯುತ್ತದೆ. ಎಣ್ಣೆ ಕಡಿಮೆಯಾದರೆ ಜಾಕಿನ ಎಣ್ಣೆಯನ್ನೇ ಹಾಕಿ. ಮನೆಯಲ್ಲಿದೆಯೆಂದು ಬ್ರೇಕ್ ಆಯಿಲ್ ಸುರಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ. ಪತ್ತನಾಜೆಯ ಮೊದಲು ಕಂಬದ ಕೆಲಸ ಮುಗಿಸಿದವರ ಜಾಕ್ ಮಳೆ ಶುರುವಾಗುವ ಹೊತ್ತಿಗೆ ನೆರೆಮನೆಯಲ್ಲಿರುತ್ತದೆ. ತಿರುಗಿ ಬಂದ ದಿನವೇ ಒಮ್ಮೆ ಏರಿಸಿ, ಮೇಲೊಂದು ಭಾರವಿಟ್ಟು, ಅರ್ಧ ಗಂಟೆ ಬಿಟ್ಟು ನೋಡಿ. ಇಳಿದಿದ್ದರೆ ಸೀಲ್ ಹೋಗಿದೆ. ಹೊಸ ಸೀಲ್ ಹಾಕಿಸುವ ತನಕ ಅದನ್ನು ಯಾರಿಗೂ ಕೊಡಬೇಡಿ.